ಕಿಯೋಶಿ ಶಿಗಾ ಮತ್ತು ಅವರ ಹೆಸರು ಹೊತ್ತ ರೋಗಾಣು

ಮಳೆಗಾಲ ಹಿಡಿಯಿತೆಂದರೆ ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿಯೂ, ನಾಲ್ಕೈದು ಮಂದಿ ಗುಮಾಸ್ತರು ಕೂಡಿ ವಾಸಿಸುವ ಕೋಣೆಗಳಲ್ಲಿಯೂ ಹೊಟ್ಟೆ ಕೆಟ್ಟಿತೆಂಬ ದೂರು ತಪ್ಪಿದ್ದಲ್ಲ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ದಿನಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಆದರೆ ಜ್ವರ, ಹೊಟ್ಟೆನುಲಿತ, ಮಲದಲ್ಲಿ ರಕ್ತ ಮತ್ತು ಲೋಳೆ ಇವಿಷ್ಟೂ ಕೂಡಿ ಬಂದರೆ ಅದು ಸಾಮಾನ್ಯ ಭೇದಿಯಲ್ಲ. ನಮ್ಮ ಹಿರಿಯರು ಆಮಶಂಕೆಯೆಂದೂ ರಕ್ತಾತಿಸಾರವೆಂದೂ ಕರೆದ ವ್ಯಾಧಿ. ಈ ವ್ಯಾಧಿಯನ್ನುಂಟುಮಾಡುವ ರೋಗಾಣುಗಳ ಒಂದು ಮುಖ್ಯ ಕುಲಕ್ಕೆ ಶಿಗೆಲ್ಲಾ ಎಂದು ಹೆಸರು. ಆ ಹೆಸರು ಬಂದದ್ದು ಜಪಾನಿನ ಒಬ್ಬ ವೈದ್ಯರಿಂದ. ಅವರ ಜೀವನವನ್ನೂ, ಅವರು ಕಣ್ಮುಚ್ಚಿದ ಬಳಿಕ ಅವರ ರೋಗಾಣುವಿನ ಕುಲವು ಲೋಕಕ್ಕೆ ಕಲಿಸಿದ ಒಂದು ಕಠಿನ ಪಾಠವನ್ನೂ ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಕಿಯೋಶಿ ಶಿಗಾ ಅವರು ೧೮೭೧ರಲ್ಲಿ ಉತ್ತರ ಜಪಾನಿನ ಸೆಂಡೈ ನಗರದಲ್ಲಿ ಜನಿಸಿದರು. ಹುಟ್ಟಿದ ಮನೆತನ ಸಾಟೋ ಎಂಬುದು. ತಂದೆಯವರದು ಹಳೆಯ ಪಾಳೆಯಗಾರಿಕೆಯ ಆಡಳಿತದಲ್ಲಿ ಉದ್ಯೋಗದಲ್ಲಿದ್ದ ಕುಟುಂಬ. ೧೮೬೮ರಲ್ಲಿ ಚಕ್ರವರ್ತಿಯ ಆಳ್ವಿಕೆ ಮರಳಿ ಸ್ಥಾಪನೆಯಾಗಿ ಹಳೆಯ ವ್ಯವಸ್ಥೆ ಮುರಿದುಬಿದ್ದಾಗ, ಅಂತಹ ಅನೇಕ ಕುಟುಂಬಗಳಂತೆ ಇದೂ ಬಡತನಕ್ಕಿಳಿಯಿತು. ಬಾಲಕನು ತಾಯಿಯ ತವರಿನ ಆಶ್ರಯದಲ್ಲಿ ಬೆಳೆದು, ಆ ಮನೆಯ ಹೆಸರಾದ ಶಿಗಾ ಎಂಬುದನ್ನೇ ತನ್ನದಾಗಿ ಮಾಡಿಕೊಂಡನು. ಹದಿಹರೆಯದಲ್ಲಿ ಊರು ಬಿಟ್ಟು ಟೋಕಿಯೋ ಸೇರಿದನು. ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ದೊಡ್ಡ ಪಟ್ಟಣಕ್ಕೆ ಬಂದ ನಮ್ಮ ವಾಚಕರಿಗೆ ಆ ಪ್ರಯಾಣದ ಭಾರವನ್ನು ವಿವರಿಸಬೇಕಾಗಿಲ್ಲ. ೧೮೯೬ರಲ್ಲಿ ಅವರು ಟೋಕಿಯೋ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದು, ಶಿಬಾಸಾಬುರೋ ಕಿಟಾಸಾಟೋ ಅವರ ಸಾಂಕ್ರಾಮಿಕ ರೋಗಗಳ ಸಂಶೋಧನ ಸಂಸ್ಥೆಯನ್ನು ಸೇರಿದರು.

ಈ ಗುರುವಿನ ಬಗ್ಗೆ ಎರಡು ಮಾತು ಅವಶ್ಯ. ಕಿಟಾಸಾಟೋ ಅವರು ಜರ್ಮನಿಯ ರಾಬರ್ಟ್ ಕಾಖ್ ಅವರ ಶಿಷ್ಯರು. ಧನುರ್ವಾಯುವಿನ ರೋಗಾಣುವನ್ನು ಮೊದಲಿಗೆ ಶುದ್ಧವಾಗಿ ಬೆಳೆಸಿದವರು. ಕ್ಷಯ ಮತ್ತು ಕಾಲರಾ ರೋಗಗಳ ಬೀಜವನ್ನು ಕಂಡುಹಿಡಿದ ಕಾಖ್ ಅವರ ಶಿಸ್ತು ಶಿಷ್ಯನ ಮೂಲಕ ಪ್ರಶಿಷ್ಯನಿಗೂ ಇಳಿದು ಬಂತು.

ಶಿಗಾ ಅವರು ಸಂಸ್ಥೆ ಸೇರಿದ ಮರುವರ್ಷವೇ, ಅಂದರೆ ೧೮೯೭ರಲ್ಲಿ, ಜಪಾನಿನಲ್ಲಿ ರಕ್ತಾತಿಸಾರದ ಭೀಕರ ಪಿಡುಗು ಎದ್ದಿತು. ವರ್ಷದ ಉತ್ತರಾರ್ಧದಲ್ಲಿಯೇ ೯೧,೦೦೦ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತೀರಿಕೊಂಡರು. ಅದೇ ವರ್ಷ ನಮ್ಮ ಮುಂಬಯಿಯಲ್ಲಿ ಪ್ಲೇಗು ಹಬ್ಬಿತ್ತು. ಅದರ ಲಸಿಕೆಯನ್ನು ಹಾಫ್‌ಕಿನ್ ಅವರು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದು ಆ ವರ್ಷದ ಜನವರಿಯಲ್ಲಿ. ಕಣ್ಣಿಗೆ ಕಾಣದ ವೈರಿಯೊಡನೆ ಮನುಷ್ಯನು ನೇರವಾಗಿ ಸೆಣಸಲು ತೊಡಗಿದ ಕಾಲವದು.

ಕಿಟಾಸಾಟೋ ಅವರು ಈ ಪಿಡುಗಿನ ಮೂಲವನ್ನು ಹುಡುಕುವ ಕಾರ್ಯವನ್ನು ಇಪ್ಪತ್ತಾರರ ತರುಣನಾದ ಶಿಗಾಗೆ ಒಪ್ಪಿಸಿದರು. ಮಲದಲ್ಲಿ ನೂರಾರು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಅಪರಾಧಿ ಯಾವುದೆಂದು ಹೇಳುವುದು ಹೇಗೆ? ಶಿಗಾ ಅವರು ೩೬ ಮಂದಿ ರೋಗಿಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ರೋಗದಿಂದ ಚೇತರಿಸಿಕೊಳ್ಳುತ್ತಿರುವವರ ರಕ್ತದ ತಿಳಿಯನ್ನು, ಅವರ ಮಲದಿಂದ ಬೆಳೆಸಿದ ಸೂಕ್ಷ್ಮಜೀವಿಗಳೊಡನೆ ಬೆರೆಸಿ ನೋಡಿದರು. ಮೈಗೆ ಕೇಡು ಮಾಡಿದ ರೋಗಾಣುವನ್ನು ರಕ್ತವು ಗುರುತಿಟ್ಟುಕೊಂಡಿರುತ್ತದೆ. ಅದು ಎದುರಾದಾಗ ಹಿಡಿದು ಗಂಟುಗಟ್ಟಿಸುತ್ತದೆ. ಕಡ್ಡಿಯಾಕಾರದ ಒಂದೇ ಬಗೆಯ ರೋಗಾಣು ಹೀಗೆ ಮತ್ತೆ ಮತ್ತೆ ಗಂಟುಗಟ್ಟಿತು. ಆಮಶಂಕೆಯ ಬೀಜ ಸಿಕ್ಕಿತು. ಈ ರೋಗಾಣು ಒಂದು ಉಗ್ರವಾದ ವಿಷವನ್ನು ಸ್ರವಿಸುತ್ತದೆಂಬುದೂ ತಿಳಿದುಬಂತು. ಅದಕ್ಕೆ ಇಂದಿಗೂ ಶಿಗಾ ವಿಷವೆಂದೇ ಹೆಸರು.

ಪ್ರಬಂಧ ಪ್ರಕಟವಾಗುವಾಗ ಕಿಟಾಸಾಟೋ ಅವರು ತಮ್ಮ ಹೆಸರನ್ನು ಅದಕ್ಕೆ ಸೇರಿಸಲು ಒಪ್ಪದೆ, ಕೀರ್ತಿಯೆಲ್ಲವೂ ಶಿಷ್ಯನಿಗೇ ಸಲ್ಲುವಂತೆ ಮಾಡಿದರು. ಇಂತಹ ಹಿರಿತನ ಎಲ್ಲ ಕಚೇರಿಗಳಲ್ಲಿಯೂ ಕಾಣಸಿಗುವುದಲ್ಲ ಎಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಬಲ್ಲರು. ಶಿಷ್ಯನೂ ಆ ವಿಶ್ವಾಸಕ್ಕೆ ತಕ್ಕವನಾಗಿಯೇ ನಡೆದುಕೊಂಡನು. ರೋಗಾಣುಗಳನ್ನು ಕಾಯಿಸಿ ಕೊಂದು ಲಸಿಕೆ ತಯಾರಿಸಿ, ಮುಂಬಯಿಯ ಹಾಫ್‌ಕಿನ್ ಅವರಂತೆ ತಾನೂ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಚುಚ್ಚಿದ ಜಾಗವು ಬಾತು ಕೀವುಗಟ್ಟಿ, ಶಸ್ತ್ರದಿಂದ ಕೊಯ್ಯಬೇಕಾಗಿ ಬಂತು. ಮುಂದೆ ಕುದುರೆಗಳ ರಕ್ತದಿಂದ ಔಷಧವನ್ನು ತಯಾರಿಸಲು ಶಿಗಾ ಶ್ರಮಿಸಿದರು.

೧೯೦೧ರಲ್ಲಿ ಅವರು ಜರ್ಮನಿಗೆ ತೆರಳಿ ಫ್ರಾಂಕ್‌ಫರ್ಟ್ ನಗರದ ಪಾಲ್ ಎರ್ಲಿಖ್ ಅವರ ಕೈಕೆಳಗೆ ದುಡಿದರು. ಮನುಷ್ಯನಿಗೆ ಕೇಡು ಮಾಡದೆ ರೋಗಾಣುವನ್ನು ಮಾತ್ರ ಕೊಲ್ಲುವ ರಾಸಾಯನಿಕವನ್ನು ಹುಡುಕುವುದೇ ಎರ್ಲಿಖ್ ಅವರ ಜೀವಮಾನದ ಹಂಬಲ. ಗುರುಶಿಷ್ಯರಿಬ್ಬರೂ ಬಣ್ಣದ ಕಾರ್ಖಾನೆಗಳ ರಂಗುಗಳನ್ನು ಒಂದೊಂದಾಗಿ ಪರೀಕ್ಷಿಸಿ, ೧೯೦೪ರಲ್ಲಿ ಟ್ರಿಪಾನ್ ರೆಡ್ ಎಂಬ ಕೆಂಪು ಬಣ್ಣವು ಇಲಿಗಳಲ್ಲಿ ಟ್ರಿಪನೊಸೋಮ್ ಎಂಬ ಪರೋಪಜೀವಿಯನ್ನು ನಾಶಮಾಡುತ್ತದೆಂದು ತೋರಿಸಿದರು. ಕೃತಕ ಔಷಧಗಳ ಯುಗಕ್ಕೆ ಇದೊಂದು ಮುನ್ನುಡಿ. ಆದರೆ ಮೂರೇ ವರ್ಷಗಳಲ್ಲಿ, ೧೯೦೭ರಲ್ಲಿ, ಅದೇ ಎರ್ಲಿಖ್ ಅವರ ಪ್ರಯೋಗಶಾಲೆಯಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಔಷಧಕ್ಕೆ ಮತ್ತೆ ಮತ್ತೆ ಸಿಲುಕಿದ ಟ್ರಿಪನೊಸೋಮುಗಳು ಅದಕ್ಕೆ ಬಗ್ಗದಾಗಿದ್ದವು. ಔಷಧ ಹುಟ್ಟಿದ ಮನೆಯಲ್ಲಿಯೇ ಔಷಧಕ್ಕೆ ಎದುರು ನಿಲ್ಲುವ ಶಕ್ತಿಯೂ ಕಂಡುಬಂದಿತು.

ಅಷ್ಟರಲ್ಲಿ, ೧೯೦೫ರಲ್ಲಿ, ಶಿಗಾ ಸ್ವದೇಶಕ್ಕೆ ಮರಳಿದ್ದರು. ೧೯೧೪ರಲ್ಲಿ ಸರಕಾರವು ಕಿಟಾಸಾಟೋ ಅವರ ಸಂಸ್ಥೆಯನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಬೇರೆ ಆಡಳಿತಕ್ಕೆ ವರ್ಗಾಯಿಸಿದಾಗ, ಗುರುವು ರಾಜೀನಾಮೆಯಿತ್ತು ಹೊರಬಂದು ಸ್ವಂತ ಸಂಸ್ಥೆ ಕಟ್ಟಿದರು. ಶಿಗಾ ಅವರೂ ಗುರುವಿನ ಬೆನ್ನಿಗೇ ಹೊರನಡೆದರು. ೧೯೨೦ರಲ್ಲಿ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಈ ಕೇಯೋ ಎಂಬ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಅನಂತರ ಅವರು ಆಗ ಜಪಾನಿನ ವಶದಲ್ಲಿದ್ದ ಕೊರಿಯಾದಲ್ಲಿ ಸೇವೆ ಸಲ್ಲಿಸಿ, ೧೯೨೯ರಿಂದ ೧೯೩೧ರ ತನಕ ಅಲ್ಲಿನ ಸಾಮ್ರಾಜ್ಯ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು.

೧೯೪೪ರಲ್ಲಿ ಜಪಾನಿನ ಸರಕಾರವು ಅವರಿಗೆ ಸಂಸ್ಕೃತಿ ಪದಕವನ್ನಿತ್ತು ಗೌರವಿಸಿತು. ಅದೇ ವರ್ಷ ಪತ್ನಿ ಹೊಟ್ಟೆಯ ಅರ್ಬುದರೋಗದಿಂದ ತೀರಿಕೊಂಡರು. ಮಕ್ಕಳಲ್ಲಿ ಒಬ್ಬನನ್ನು ಕಡಲೂ ಇನ್ನೊಬ್ಬನನ್ನು ಕ್ಷಯವೂ ಕೊಂಡೊಯ್ದಿದ್ದವು. ೧೯೪೫ರ ವಿಮಾನದಾಳಿಯಲ್ಲಿ ಟೋಕಿಯೋದ ಮನೆ ಸುಟ್ಟುಹೋಯಿತು. ಎಪ್ಪತ್ತು ದಾಟಿದ ವೃದ್ಧರು ಹುಟ್ಟೂರಾದ ಸೆಂಡೈ ಕಡೆಗೆ ಮರಳಿ, ಕಡಲತೀರದ ಒಂದು ಹಳ್ಳಿಯಲ್ಲಿ ಮಗನೊಡನೆ ಉಳಿದರು. ಕೆನ್ ಡೊಮೊನ್ ಎಂಬ ಪ್ರಸಿದ್ಧ ಛಾಯಾಚಿತ್ರಕಾರರು ಆ ದಿನಗಳಲ್ಲಿ ತೆಗೆದ ಅವರ ಚಿತ್ರವೊಂದಿದೆ: ಮುರಿದ ಕನ್ನಡಕವನ್ನು ಪಟ್ಟಿ ಸುತ್ತಿ ರಿಪೇರಿ ಮಾಡಿ ಧರಿಸಿದ ಒಬ್ಬ ಬಡ ಮುದುಕರು. ೧೯೫೭ರ ಜನವರಿ ೨೫ರಂದು, ೮೫ನೆಯ ವಯಸ್ಸಿನಲ್ಲಿ ಶಿಗಾ ಅವರು ದೈವಾಧೀನರಾದರು.

ಜೀವನಚರಿತ್ರೆ ಇಲ್ಲಿಗೆ ಮುಗಿಯಬೇಕು. ಆದರೆ ರೋಗಾಣುವಿನ ಚರಿತ್ರೆ ಮುಗಿಯಲಿಲ್ಲ.

ಯುದ್ಧಾನಂತರದ ಜಪಾನಿನಲ್ಲಿ ಆಮಶಂಕೆ ಮತ್ತೆ ತಲೆಯೆತ್ತಿತು. ಈ ಬಾರಿ ಔಷಧಗಳಿದ್ದವು. ಮೊದಲು ಸಲ್ಫಾ ಗುಳಿಗೆಗಳು ಬಂದವು. ಕೆಲವೇ ವರ್ಷಗಳಲ್ಲಿ ಶಿಗೆಲ್ಲಾ ಕುಲದ ಹೆಚ್ಚಿನ ತಳಿಗಳು ಅವಕ್ಕೆ ಬಗ್ಗದಾದವು. ಅನಂತರ ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್ ಮತ್ತು ಟೆಟ್ರಾಸೈಕ್ಲಿನ್ ವರ್ಗದ ಔಷಧಗಳು ಬಂದವು. ಈ ಕೊನೆಯ ವರ್ಗದ ಮೊದಲನೆಯದಾದ ಆರಿಯೊಮೈಸಿನ್ ೧೯೪೮ರಲ್ಲಿ ಲೋಕಕ್ಕೆ ದೊರೆತದ್ದು ಅಮೇರಿಕೆಯ ಲೆಡರ್ಲೆ ಪ್ರಯೋಗಶಾಲೆಯಿಂದ. ಆಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ಅಭಿಮಾನದಿಂದ ಸ್ಮರಿಸಬೇಕು. ಇಷ್ಟೊಂದು ಅಸ್ತ್ರಗಳಿರುವಾಗ ಆಮಶಂಕೆಯ ಕಾಲ ಮುಗಿಯಿತೆಂದೇ ಹಲವರು ಭಾವಿಸಿದರು.

ಹಾಗಾಗಲಿಲ್ಲ. ೧೯೫೦ರ ದಶಕದ ನಡುವಿನಲ್ಲಿ ಈ ನಾಲ್ಕು ಔಷಧಗಳಲ್ಲಿ ಯಾವುದಕ್ಕೂ ಬಗ್ಗದ ಶಿಗೆಲ್ಲಾ ತಳಿಯು ಜಪಾನಿನಲ್ಲಿ ಕಂಡುಬಂತು. ಮುಂದಿನ ವರ್ಷಗಳಲ್ಲಿ ಹೆಚ್ಚುತ್ತಲೇ ಹೋಯಿತು. ವೈದ್ಯರಿಗೆ ಇದು ಅರ್ಥವಾಗದ ಒಗಟಾಯಿತು. ರೋಗಾಣುವಿನ ವಂಶದಲ್ಲಿ ಲಕ್ಷಾಂತರಕ್ಕೊಂದು ಆಕಸ್ಮಿಕವಾಗಿ ಬದಲಾಗಿ ಒಂದು ಔಷಧವನ್ನು ಎದುರಿಸಬಲ್ಲುದಾಗುವುದುಂಟು; ಉಳಿದವು ಸತ್ತಾಗ ಅದೊಂದೇ ಬದುಕಿ ಸಂತಾನ ಬೆಳೆಸುತ್ತದೆ. ಇದು ತಿಳಿದ ವಿಷಯ. ಆದರೆ ನಾಲ್ಕು ಔಷಧಗಳಿಗೆ ನಾಲ್ಕು ಆಕಸ್ಮಿಕಗಳು ಒಂದೇ ರೋಗಾಣುವಿನಲ್ಲಿ ಒಮ್ಮೆಲೇ ಕೂಡಿಬರುವುದು ಅಸಂಭವ. ಇನ್ನೂ ವಿಚಿತ್ರವೆಂದರೆ, ಒಂದೇ ಔಷಧ ಸೇವಿಸಿದ ರೋಗಿಯ ಮಲದಲ್ಲಿಯೂ ನಾಲ್ಕಕ್ಕೂ ಬಗ್ಗದ ಶಿಗೆಲ್ಲಾ ಕಂಡುಬರುತ್ತಿತ್ತು. ಅದೇ ರೋಗಿಯ ಕರುಳಿನಲ್ಲಿ ಎಂದಿನಿಂದಲೂ ನಿರುಪದ್ರವಿಯಾಗಿ ವಾಸಿಸುವ ಈ ಕೋಲೈ ಎಂಬ ಸೂಕ್ಷ್ಮಜೀವಿಯೂ ಅವೇ ನಾಲ್ಕಕ್ಕೆ ಬಗ್ಗದಾಗಿತ್ತು.

ಶಿಗಾ ಅವರು ತೀರಿಕೊಂಡ ಎರಡು ವರ್ಷಗಳ ಬಳಿಕ, ೧೯೫೯ರಲ್ಲಿ, ಅಕಿಬಾ ಅವರ ತಂಡವೂ ಓಚಿಯಾಯ್ ಅವರ ತಂಡವೂ ಇದರ ಗುಟ್ಟನ್ನು ಬಯಲು ಮಾಡಿದವು. ಔಷಧಕ್ಕೆ ಬಗ್ಗದ ಈ ಕೋಲೈಯನ್ನೂ ಔಷಧಕ್ಕೆ ಸಾಯುವ ಶಿಗೆಲ್ಲಾವನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿದಾಗ, ಶಿಗೆಲ್ಲಾವೂ ನಾಲ್ಕು ಔಷಧಗಳನ್ನು ಎದುರಿಸುವ ಶಕ್ತಿಯನ್ನು ಪಡೆದುಕೊಂಡಿತು. ತಂದೆಯಿಂದ ಮಗನಿಗೆ ಬರುವ ಆಸ್ತಿಯಂತೆ ಅಲ್ಲ. ನೆರೆಯವನಿಂದ ನೆರೆಯವನಿಗೆ, ಅದೂ ಬೇರೊಂದು ಜಾತಿಗೆ! ಈ ವಿದ್ಯಮಾನವನ್ನು ಆಳವಾಗಿ ಶೋಧಿಸಿ ೧೯೬೩ರಲ್ಲಿ ಆಂಗ್ಲಭಾಷೆಯ ದೀರ್ಘ ಪ್ರಬಂಧದ ಮೂಲಕ ಜಗತ್ತಿನ ಕಣ್ಣು ತೆರೆಸಿದವರು ತ್ಸುತೋಮು ವಾಟನಾಬೆ. ಶಿಗಾ ಅವರು ಹಿಂದೆ ಪ್ರಾಧ್ಯಾಪಕರಾಗಿದ್ದ ಕೇಯೋ ವಿಶ್ವವಿದ್ಯಾಲಯದವರೇ ಅವರು.

ಇದು ನಡೆಯುವ ಬಗೆಯನ್ನು ನಮ್ಮ ಕಸುಬಿನ ಹೋಲಿಕೆಯಿಂದ ಹೇಳುತ್ತೇವೆ. ಒಂದು ಹೋಟೆಲಿನ ಭಟ್ಟರ ಬಳಿ ಒಳ್ಳೆಯ ಸಾಂಬಾರು ಪುಡಿಯ ಅಳತೆ ಬರೆದ ಚೀಟಿಯಿದೆಯೆನ್ನಿ. ಅದನ್ನವರು ಮಗನಿಗೆ ಮಾತ್ರ ಕೊಟ್ಟರೆ ಆ ರುಚಿ ಒಂದೇ ಮನೆತನದಲ್ಲಿ ಉಳಿಯುತ್ತದೆ. ಎದುರು ಹೋಟೆಲಿನ ಭಟ್ಟರಿಗೆ ನಕಲು ಮಾಡಿಕೊಟ್ಟರೆ, ತಮ್ಮ ಚೀಟಿಯೂ ಉಳಿಯಿತು, ಅವರಿಗೂ ದೊರೆಯಿತು; ನಾಳೆ ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಸೂಕ್ಷ್ಮಜೀವಿಗಳಲ್ಲಿಯೂ ಮುಖ್ಯ ವರ್ಣತಂತುವಲ್ಲದೆ, ಉಂಗುರದಂತಹ ಸಣ್ಣ ಡಿಎನ್‌ಎ ಚೀಟಿಗಳಿರುವುದುಂಟು. ಅವಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಎರಡು ಸೂಕ್ಷ್ಮಜೀವಿಗಳು ಮೈಗೆ ಮೈ ತಾಗಿಸಿದಾಗ ಒಂದು ತನ್ನ ಪ್ಲಾಸ್ಮಿಡ್ಡಿನ ನಕಲನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಒಂದೇ ಚೀಟಿಯಲ್ಲಿ ಹಲವು ಉಪಾಯಗಳು ಬರೆದಿರುತ್ತವೆ: ಟೆಟ್ರಾಸೈಕ್ಲಿನನ್ನು ಒಳಗಿನಿಂದ ಹೊರಕ್ಕೆ ತಳ್ಳುವ ಪಂಪು, ಕ್ಲೋರಾಂಫೆನಿಕಾಲಿನ ರೂಪ ಕೆಡಿಸುವ ಕಿಣ್ವ, ಸಲ್ಫಾ ಔಷಧದ ಹಿಡಿತಕ್ಕೆ ಸಿಗದ ಇನ್ನೊಂದು ಕಿಣ್ವ, ಹೀಗೆ. ಆದಕಾರಣ ನಾವು ಒಂದು ಔಷಧ ನುಂಗಿದರೂ, ಚೀಟಿಯಿಲ್ಲದವು ಸತ್ತು, ಚೀಟಿಯಿರುವವು ನಾಲ್ಕೂ ಉಪಾಯಗಳೊಡನೆ ಉಳಿದು ಹೆಚ್ಚುತ್ತವೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಚೀಟಿಯಿಂದ ಒಂದು ಸಾಲನ್ನು ಕತ್ತರಿಸಿ ಇನ್ನೊಂದು ಚೀಟಿಗೆ ಅಂಟಿಸಿದಂತೆ, ಡಿಎನ್‌ಎಯ ಕೆಲವು ತುಣುಕುಗಳು ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತವೆ. ಜೋಳದ ಗಿಡದಲ್ಲಿ ಇಂತಹ ನೆಗೆತವನ್ನು ೧೯೪೦ರ ದಶಕದಲ್ಲಿಯೇ ಕಂಡವರು ಅಮೇರಿಕೆಯ ಬಾರ್ಬರಾ ಮೆಕ್‌ಕ್ಲಿಂಟಾಕ್. ಅವರಿಗೆ ನೊಬೆಲ್ ಪಾರಿತೋಷಕ ಸಂದದ್ದು ೧೯೮೩ರಲ್ಲಿ. ರೋಗಾಣುಗಳಲ್ಲಿ ಔಷಧನಿರೋಧವನ್ನು ಹೊತ್ತು ನೆಗೆಯುವ ತುಣುಕುಗಳಿಗೆ ೧೯೭೪ರಲ್ಲಿ ಟ್ರಾನ್ಸ್‌ಪೋಸಾನ್ ಎಂದು ಹೆಸರಿಟ್ಟರು. ಚೀಟಿಗಳು ಕೈಯಿಂದ ಕೈಗೆ ದಾಟುತ್ತವೆ. ಸಾಲುಗಳು ಚೀಟಿಯಿಂದ ಚೀಟಿಗೆ ನೆಗೆಯುತ್ತವೆ. ಹೀಗೆ ಚೀಟಿ ಉದ್ದವಾಗುತ್ತ ಹೋಗುತ್ತದೆ.

ಇದರಲ್ಲಿ ಮನುಷ್ಯನ ಪಾಲೆಷ್ಟು? ೧೯೧೭ರಿಂದ ೧೯೫೪ರ ತನಕ, ಬಹುಪಾಲು ಈ ಔಷಧಗಳ ಬಳಕೆ ಹರಡುವ ಮುನ್ನ, ನಾನಾ ದೇಶಗಳಿಂದ ಸಂಗ್ರಹಿಸಿಟ್ಟ ಕರುಳಿನ ರೋಗಾಣುಗಳನ್ನು ಇಂಗ್ಲೆಂಡಿನ ನಯೋಮಿ ದತ್ತಾ ಮತ್ತು ವಿಕ್ಟೋರಿಯಾ ಹ್ಯೂಸ್ ಅವರು ಪರೀಕ್ಷಿಸಿ ೧೯೮೩ರಲ್ಲಿ ವರದಿ ಮಾಡಿದರು. ಆ ಹಳೆಯ ರೋಗಾಣುಗಳಲ್ಲಿಯೂ ಪ್ಲಾಸ್ಮಿಡ್ ಚೀಟಿಗಳಿದ್ದವು. ಆದರೆ ಅವುಗಳ ಮೇಲೆ ಔಷಧನಿರೋಧದ ಸಾಲುಗಳು ಇರಲೇ ಇಲ್ಲವೆನ್ನುವಷ್ಟು ವಿರಳ. ಕಾಗದ ಪ್ರಕೃತಿಯದು, ಅದರ ಮೇಲೆ ಈ ಬರಹ ತುಂಬಿದ್ದು ನಮ್ಮ ಕಾಲದಲ್ಲಿ, ನಾವು ನುಂಗಿದ ಮತ್ತು ದನ ಕೋಳಿಗಳಿಗೆ ತಿನ್ನಿಸಿದ ಔಷಧಗಳ ಒತ್ತಡದಿಂದ.

ಫಲವನ್ನು ಲೋಕವು ಬೇಗನೆ ಉಂಡಿತು. ೧೯೬೯ರಲ್ಲಿ ಗ್ವಾಟೆಮಾಲಾದಲ್ಲಿ ಸ್ವತಃ ಶಿಗಾ ಕಂಡುಹಿಡಿದ ಆ ಮೂಲ ರೋಗಾಣುವೇ, ನಾಲ್ಕು ಔಷಧಗಳಿಗೂ ಬಗ್ಗದ ಪ್ಲಾಸ್ಮಿಡ್ ಹೊತ್ತು ಎದ್ದುಬಂತು. ಮಧ್ಯ ಅಮೇರಿಕೆಯ ಆ ಪಿಡುಗಿನಲ್ಲಿ ಸುಮಾರು ೨೦,೦೦೦ ಮಂದಿ ಅಸುನೀಗಿದರು. ೧೯೮೪ರಲ್ಲಿ ಅದೇ ರೋಗಾಣುವು ಹಲವು ಔಷಧಗಳಿಗೆ ಬಗ್ಗದ ರೂಪದಲ್ಲಿ ನಮ್ಮ ಪಶ್ಚಿಮ ಬಂಗಾಳವನ್ನು ಕಾಡಿತು. ಶಿಗಾ ವಿಷವನ್ನು ತಯಾರಿಸುವ ಜೀನ್ ಕೂಡ ಒಂದೆಡೆ ನಿಂತಿಲ್ಲ. ಸೂಕ್ಷ್ಮಜೀವಿಗಳಿಗೆ ಅಂಟುವ ವೈರಸ್ಸುಗಳ ಬೆನ್ನೇರಿ ಕೆಲವು ಈ ಕೋಲೈ ತಳಿಗಳನ್ನು ಸೇರಿದೆ. ೧೯೯೬ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಶಾಲೆಯ ಊಟದಿಂದ ಸಾವಿರಾರು ಮಕ್ಕಳು ಕಾಯಿಲೆ ಬಿದ್ದದ್ದು ಅಂತಹ ತಳಿಯಿಂದ. ಔಷಧಕ್ಕೆ ಬಗ್ಗದ ರೋಗಾಣುಗಳೇ ನೇರ ಕಾರಣವಾಗಿ ೨೦೧೯ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು ೧೨ ಲಕ್ಷ ೭೦ ಸಾವಿರವೆಂದು ತಜ್ಞರ ಅಂದಾಜು.

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಲೇಖನಿ ಹಿಡಿಯುವ ಮುನ್ನ ನಾವು ವರ್ಷಗಟ್ಟಲೆ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು. ಆ ಗಲ್ಲಾದ ಖಾನೆಯಲ್ಲಿ ಚಿಲ್ಲರೆ ಹಣದ ಬದಿಗೆ ಯಾವಾಗಲೂ ಒಂದೆರಡು ಪಟ್ಟಿ ಮಾತ್ರೆಗಳಿರುತ್ತಿದ್ದವು. ಯಾರೋ ಅರ್ಧ ಸೇವಿಸಿ ಬಿಟ್ಟ ಆಂಟಿಬಯೋಟಿಕ್. ಒಂದು ಮಳೆಗಾಲದಲ್ಲಿ ತಟ್ಟೆ ತೊಳೆಯುವ ಹುಡುಗನಿಗೆ ಭೇದಿ ಹತ್ತಿತು. ಎರಡು ಮಾತ್ರೆ ಕೊಟ್ಟು ಮರುದಿನ ಮತ್ತೆ ಕೆಲಸಕ್ಕೆ ನಿಲ್ಲಿಸಿದೆವು. ಆತನೂ ಕೂಲಿ ತಪ್ಪುವ ಭಯದಿಂದ ಬೇಡವೆನ್ನಲಿಲ್ಲ. ವಾರದೊಳಗೆ ಮತ್ತೆ ಮೂವರು ಮಲಗಿದರು. ಅವರಲ್ಲೊಬ್ಬ ಭಟ್ಟರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರೂಢಿಯ ಔಷಧಗಳು ನಾಟದೆ, ಮಲಪರೀಕ್ಷೆ ಮಾಡಿಸಿ ಬೇರೊಂದನ್ನು ಕೊಟ್ಟ ಮೇಲೆ ಅವರು ಉಳಿದುಕೊಂಡರು. ನಮ್ಮ ಎರಡು ಮಾತ್ರೆಗಳಿಂದಲೇ ಅಷ್ಟಾಯಿತೆಂದು ಹೇಳಲು ಬಾರದು. ಆದರೆ ಕಾಯಿಲೆಯ ಹುಡುಗನನ್ನು ಮೋರಿಯ ಮುಂದೆ ನಿಲ್ಲಿಸಿದವರು ನಾವು. ಅವನ ಕರುಳಿನಲ್ಲಿ ಚೀಟಿಯುಳ್ಳವನ್ನು ಮಾತ್ರ ಆರಿಸಿ ಉಳಿಸುವ ಔಷಧವನ್ನು ಅರಿವಿಲ್ಲದೆ ಹಂಚಿದವರೂ ನಾವೇ.

ಆದುದರಿಂದ ನಮ್ಮ ಹೋಟೆಲು ಬಂಧುಗಳಲ್ಲಿ ಬಿನ್ನಹ. ಶಿಗೆಲ್ಲಾ ಅಂಟಲು ಹತ್ತಾರು ರೋಗಾಣುಗಳು ಹೊಟ್ಟೆ ಸೇರಿದರೂ ಸಾಕು. ಶೌಚದಿಂದ ಬಂದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ಆ ಬಾಗಿಲಲ್ಲಿ ತಡೆದ ರೋಗಾಣು ಎಷ್ಟು ಚೀಟಿ ಹೊತ್ತಿದ್ದರೂ ನಿರುಪಾಯ. ಭೇದಿಯಾದವನಿಗೆ ಮೊದಲು ಬೇಕಾದದ್ದು ಉಪ್ಪು ಸಕ್ಕರೆಯ ಓಆರ್‌ಎಸ್ ನೀರು ಮತ್ತು ವಿಶ್ರಾಂತಿ. ರಕ್ತ ಅಥವಾ ಜ್ವರ ಕಂಡರೆ ವೈದ್ಯರ ದರ್ಶನ. ಆಂಟಿಬಯೋಟಿಕ್ ಬೇಕೇ ಬೇಡವೇ, ಯಾವುದು, ಎಷ್ಟು ದಿನ ಎಂಬುದನ್ನು ಅವರು ಹೇಳಲಿ. ಔಷಧದಂಗಡಿಯ ಕಟ್ಟೆಯಲ್ಲಿ ನಾವೇ ತೀರ್ಮಾನಿಸುವುದು ಬೇಡ. ಮಾಲಕ ಮಿತ್ರರಿಗೆ ಇನ್ನೊಂದು ಮಾತು: ಹೊಟ್ಟೆ ಕೆಟ್ಟ ಹುಡುಗನಿಗೆ ವೈದ್ಯರು ಹೇಳಿದಷ್ಟು ದಿನ ಕೂಲಿ ಕಡಿಯದೆ ರಜೆ ಕೊಡಿರಿ. ಕೂಲಿಯ ಭಯವಿಲ್ಲದವನು ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಆ ಎರಡು ಮೂರು ದಿನಗಳ ಕೂಲಿ ನಮ್ಮ ಗಿರಾಕಿಗಳ ಆರೋಗ್ಯಕ್ಕಾಗಿ ನಾವು ತೆರುವ ಅತ್ಯಂತ ಅಗ್ಗದ ಬೆಲೆ.

ಶಿಗಾ ಅವರು ರೋಗಿಯ ರಕ್ತ ಯಾವುದನ್ನು ಗುರುತಿಸುವುದೋ ಅದನ್ನೇ ನಂಬಿ ವೈರಿಯನ್ನು ಹಿಡಿದವರು. ಲಸಿಕೆಯ ನೋವನ್ನು ಅನ್ಯರಿಗಿಂತ ಮುಂಚೆ ತಾವುಂಡವರು. ಅವರ ಹೆಸರು ಇಂದು ಒಂದು ರೋಗಾಣುವಿನ ಮೇಲಿದೆ, ಒಂದು ವಿಷದ ಮೇಲಿದೆ. ಪಟ್ಟಿ ಸುತ್ತಿದ ಕನ್ನಡಕ ಧರಿಸಿ ಕಡಲತೀರದಲ್ಲಿ ಕೊನೆಯ ದಿನಗಳನ್ನು ಕಳೆದ ಆ ವೃದ್ಧರನ್ನು ನೆನೆದಾಗಲೆಲ್ಲ ನಾವು ಗಲ್ಲಾದ ಖಾನೆಯನ್ನು ನೆನೆಯುತ್ತೇವೆ. ಆ ಖಾನೆಯಲ್ಲಿ ಈಗ ಚಿಲ್ಲರೆಯ ಹೊರತು ಬೇರೇನೂ ಇಲ್ಲ.